ಏಜೆಂಟ್ ದೂಮಣ್ಣನ ‘ಅಡ್ಡಿಲ್ಲ’

“ನೀವು ಊಟಕ್ಕೆ ಹೋಟೆಲು ಕೇಳಿದಿರಿ, ಸಂತೋಷ. ಮೊದಲು ಹೇಳಿ, ಹಸಿವು ಎಷ್ಟು ಉಂಟು? ಯಾಕೆ ಕೇಳಿದೆ ಅಂದರೆ, ಉಡುಪಿಯಲ್ಲಿ ಹೋಟೆಲಿಗೆ ಬರ ಇಲ್ಲ. ಎಡಕ್ಕೆ ಹೋದರೂ ಹೋಟೆಲು, ಬಲಕ್ಕೆ ಹೋದರೂ ಹೋಟೆಲು, ಕಣ್ಣು ಕತ್ತಲೆ ಬಂದು ಬಿದ್ದರೂ ಹೋಟೆಲಿನ ಮೆಟ್ಟಿಲ ಮೇಲೆಯೇ ಬೀಳುವುದು. ಬೊಂಬಾಯಿಯಲ್ಲಿ, ಮದ್ರಾಸಿನಲ್ಲಿ ‘ಉಡುಪಿ ಹೋಟೆಲು’ ಅಂತ ಬೋರ್ಡು ಹಾಕುತ್ತಾರೆ. ಇಲ್ಲಿ ಹಾಕಿದರೆ ಮಲ್ಪೆಯಲ್ಲಿ ‘ಉಪ್ಪುನೀರು ಇದೆ’ ಅಂತ ಬೋರ್ಡು ಹಾಕಿದ ಹಾಗೆ ಆಗುತ್ತದೆ ಮಾರಾಯ್ರೆ. ಮಠದಲ್ಲಿ ಉಣ್ಣುವುದಾದರೆ ಅದು ದೇವರ ಊಟ, ಅದಕ್ಕೆ ನಂಬರು ಕೊಡಲಿಕ್ಕೆ ನಾನು ಯಾರು? ಮೀನು ಬೇಕಾ? ಮಲ್ಪೆ ಬಸ್ಸು ಹತ್ತಿ, ಬಂದರಿಗಿಂತ ಮೊದಲು ಇಳಿದು ಕಜೆಟನರ ಹೋಟೆಲು ಅಂತ ಕೇಳಿ. ಬೆಳಿಗ್ಗೆ ಏಲಂನಲ್ಲಿ ತಾವೇ ನಿಂತು ಬಂಗುಡೆ ಆರಿಸುವ ಜನ ಅವರು. ಮೀನು ಬೇಡ, ಅನ್ನ ಸಾರು ಸಾಕು ಅಂತಾದರೆ ಸೀದಾ ಹೋಗಿ, ಎಣ್ಣೆಗಾಣದ ಹಿಂದೆ ವಸಂತಿಯಮ್ಮನ ಹೋಟೆಲು. ಬೋರ್ಡು ಇಲ್ಲ. ಬಾಗಿಲ ಬದಿಯಲ್ಲಿ ಬಾಳೆಲೆಯ ಕಟ್ಟು ಕಂಡರೆ ಅದೇ. ಎಂತ ಉಂಟು ಅಂತ ಕೇಳಬೇಡಿ, ಬಡಿಸಿದ್ದು ಉಣ್ಣಿ. ಕಾರ್ಕಳದ ಬಸ್ಸು ಹೊರಡುವುದು ಇಲ್ಲಿಂದಲೇ, ನೀವು ವಾಪಸು ನನ್ನ ಎದುರೇ ಬರಬೇಕು. ಊಟ ಸರಿ ಇರಲಿಲ್ಲ ಅಂತಾದರೆ ಇಲ್ಲಿ ನಿಂತು ನನ್ನನ್ನು ಬೈದು, ಮತ್ತೆ ಬಸ್ಸು ಹತ್ತಿ. ಇಪ್ಪತ್ತು ವರ್ಷ ಆಯಿತು, ಒಬ್ಬರೂ ಬೈದದ್ದಿಲ್ಲ. ಏ ಕಾರ್ಕಳ, ಕಾರ್ಕಳ, ಮಣಿಪಾಲ ಪರ್ಕಳ ಹಿರಿಯಡ್ಕ ಕಾರ್ಕಳ!”

ಹೀಗೆ ಹೇಳುತ್ತಿದ್ದವರು ದೂಮಣ್ಣ. ಉಡುಪಿಯ ಬಸ್ ನಿಲ್ದಾಣದಲ್ಲಿ ಕಾರ್ಕಳದ ಬಸ್ಸುಗಳಿಗೆ ಏಜೆಂಟ್ ಆಗಿದ್ದರು. ಏಜೆಂಟ್ ಎಂದರೆ ಭಾರೀ ಹುದ್ದೆ ಎಂದು ಹೊರಗಿನವರು ತಿಳಿಯುವುದುಂಟು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೂಗಿ ಜನ ಹತ್ತಿಸುವುದು, ಅಷ್ಟೇ ಅದು. ಅವರು ನಿಲ್ಲುವ ಕಂಬದ ಬುಡದಲ್ಲಿ ನನ್ನ ಮಲ್ಲಿಗೆಯ ಬುಟ್ಟಿ. ಶಂಕರಪುರದಿಂದ ಹೂ ತಂದು ಕುಳಿತರೆ, ಗಿರಾಕಿ ಬರುವ ತನಕ ಕೈಗೆ ನಾರಿನಲ್ಲಿ ಹೂ ಕಟ್ಟುವ ಕೆಲಸ, ಕಿವಿಗೆ ಮಾತ್ರ ಬಿಡುವು. ಹಾಗಾಗಿ ಅವರ ಈ ಭಾಷಣ ನನಗೆ ಜಪಮಾಲೆಯ ಪ್ರಾರ್ಥನೆಯಷ್ಟೇ ಬಾಯಿಪಾಠ.

ದೂಮಣ್ಣ ಇನ್ನಂಜೆಯವರು. ಓದಿದ್ದು ನಾಲ್ಕನೆಯ ತರಗತಿ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಬೊಂಬಾಯಿಗೆ ಹೋಗಿ ಮಾಟುಂಗದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದರು. ಒಂದೆರಡು ತಿಂಗಳಲ್ಲ, ಹನ್ನೊಂದು ವರ್ಷ. ಊರಿಗೆಲ್ಲ ಊಟ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ ಉಣ್ಣುವ ಕೆಲಸ ಅದು. ಊರಿಗೆ ಬರುವಾಗ ತಂದದ್ದು ಒಂದು ತಗಡಿನ ಪೆಟ್ಟಿಗೆ ಮತ್ತು ಹೊಟ್ಟೆಹುಣ್ಣು. ಮಣಿಪಾಲದ ಡಾಕ್ಟರು ನೋಡಿ, ಎಣ್ಣೆ ಬೇಡ, ಖಾರ ಬೇಡ, ಹುಳಿ ಬೇಡ, ಹೋಟೆಲಿನ ಊಟ ಬೇಡವೇ ಬೇಡ ಎಂದರು. ಅಂದಿನಿಂದ ಮನೆಯಾಕೆ ತುಂಬಿಸಿ ಕೊಟ್ಟ ಗಂಜಿಯ ಹಿಡಿ ಇರುವ ತೂಕು ಪಾತ್ರೆ, ಅದರ ಮುಚ್ಚಳದಲ್ಲಿ ಒಂದು ಚೂರು ಬೆಲ್ಲ. ಮಧ್ಯಾಹ್ನ ಕಂಬಕ್ಕೆ ಒರಗಿ ಅದನ್ನು ಕುಡಿದು ಮುಗಿಸಿ, ಬಾಯಿ ಒರಸಿಕೊಂಡು, ಉಡುಪಿಯ ಹೋಟೆಲುಗಳಿಗೆ ನಂಬರು ಕೊಡಲು ಏಳುತ್ತಿದ್ದರು.

ಉಡುಪಿಯ ಒಂದೇ ಒಂದು ಹೋಟೆಲಿನಲ್ಲೂ ಅವರು ಉಂಡವರಲ್ಲ. ಅದನ್ನು ಮುಚ್ಚಿಟ್ಟವರೂ ಅಲ್ಲ.

ಕಾರ್ಕಳ ಬಸ್ಸಿನ ಕಂಡಕ್ಟರ್ ಪ್ಯಾಟ್ರಿಕ್ ಇದನ್ನೇ ಹಿಡಿದು ಕೆಣಕುತ್ತಿದ್ದ. ಮಧ್ಯಾಹ್ನ ಎರಡರ ಮೇಲೆ ಬಸ್ಸುಗಳು ಕಡಿಮೆ. ಆಗ ಕಂಬದ ಹತ್ತಿರ ದಿನಾ ಇದೇ ವ್ಯಾಜ್ಯ.

“ಗಂಜಿ ಕುಡಿಯುವವ ಜಡ್ಜು! ದೂಮಣ್ಣ, ನೀನು ಚಿತ್ರಕೂಟ ಹೋಟೆಲಿನ ಒಳಗೆ ಹೋಗಿದ್ದೀಯಾ? ಗೋಡೆ ತುಂಬ ಕನ್ನಡಿ, ಕುರ್ಚಿಗೆ ಮೆತ್ತೆ. ಫ್ಯಾಮಿಲಿ ರೂಮು ಬೇರೆ. ಅದು ಒಂದನೇ ನಂಬರು ಅಲ್ಲದೆ ಮತ್ತೆ ಯಾವುದು?”

“ಮೆತ್ತೆ ಉಣ್ಣಲಿಕ್ಕೆ ಉಂಟಾ ಪ್ಯಾಟ್ರಿಕಾ?”

“ಉಣ್ಣದೆ ಹೇಗೆ ಹೇಳುತ್ತಿ, ಅದು ಸರಿ ಇಲ್ಲ ಅಂತ?”

“ಹನ್ನೊಂದು ವರ್ಷ ತಟ್ಟೆ ತೊಳೆದವ ನಾನು. ಅಡಿಗೆಯವನ ಕೈ ಗೊತ್ತಾಗುವುದು ಬಾಯಿಯಲ್ಲಿ ಅಲ್ಲ, ತಟ್ಟೆಯಲ್ಲಿ ಉಳಿದದ್ದರಲ್ಲಿ. ಇಲ್ಲಿ ನನಗೆ ತಟ್ಟೆ ಕಾಣುವುದಿಲ್ಲ, ಜನ ಕಾಣುತ್ತಾರೆ. ಚಿತ್ರಕೂಟದಲ್ಲಿ ಉಂಡವರು ಬಸ್ಸು ಹತ್ತುವ ಮೊದಲು ಸೋಡಾ ಕೇಳುತ್ತಾರೆ. ವಸಂತಿಯಮ್ಮನಲ್ಲಿ ಉಂಡವರು ಹತ್ತಿದ ಕೂಡಲೇ ನಿದ್ದೆ ಮಾಡುತ್ತಾರೆ. ನಿನ್ನೆ ನೀನೇ ಬೈದಿಯಲ್ಲ, ಪರ್ಕಳದಲ್ಲಿ ಇಳಿಯುವವರನ್ನು ಹಿರಿಯಡ್ಕದಲ್ಲಿ ಎಬ್ಬಿಸಬೇಕಾಯಿತು ಅಂತ?”

ಪ್ಯಾಟ್ರಿಕ್ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದ. ಇಬ್ಬರನ್ನು ಎಬ್ಬಿಸಿದ್ದು ನಿಜ.

ಇನ್ನು ಅವರು ನಂಬರು ಕೊಡುವ ಕ್ರಮ ಹೇಳಬೇಕು. ಬಾಯಲ್ಲಿ ಒಂದು ಎರಡು ಎಂದು ಹೇಳುತ್ತಿರಲಿಲ್ಲ, ಮಾತಿನಲ್ಲಿಯೇ ತೂಗುತ್ತಿದ್ದರು. ‘ಆಗಬಹುದು’ ಎಂದರೆ ಹಸಿವು ಜಾಸ್ತಿ ಇದ್ದರೆ ಮಾತ್ರ ಹೋಗಿ. ‘ತೊಂದರೆ ಇಲ್ಲ’ ಎಂದರೆ ಒಳ್ಳೆಯದು. ‘ಅಡ್ಡಿಲ್ಲ’ ಎಂದರೆ ಅದರ ಮೇಲೆ ಇನ್ನಿಲ್ಲ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನನ್ನು ನೋಡಿ ಬಂದ ಮಾವ ಜಗಲಿಯಲ್ಲಿ ಚಪ್ಪಲಿ ಬಿಡುತ್ತಾ “ಅಡ್ಡಿಲ್ಲ” ಎಂದರೆ ಒಳಗೆ ಮದುವೆಗೆ ಅಕ್ಕಿ ಎಷ್ಟು ಮುಡಿ ಬೇಕೆಂದು ಲೆಕ್ಕ ಸುರುವಾಗುತ್ತದೆ. ಅದೇ ಮಾವ “ಹುಡುಗ ಭಾರೀ ಒಳ್ಳೆಯವನು” ಎಂದರೆ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ, ಏನೋ ಐಬು ಉಂಟು ಎಂದು.

ವಸಂತಿಯಮ್ಮನ ಹೋಟೆಲಿಗೆ ದೂಮಣ್ಣ ಮೂರು ವರ್ಷ ‘ತೊಂದರೆ ಇಲ್ಲ’ ಎಂದೇ ಹೇಳುತ್ತಿದ್ದರು. ಗಂಡ ತೀರಿದ ಮೇಲೆ ಆಕೆ ಮನೆಯ ಎದುರಿನ ಕೋಣೆಗೆ ನಾಲ್ಕು ಬೆಂಚು ಹಾಕಿ ನಡೆಸುತ್ತಿದ್ದ ಹೋಟೆಲು ಅದು. ನಾಲ್ಕನೆಯ ವರ್ಷ ‘ಅಡ್ಡಿಲ್ಲ’ ಬಂತು. ಆ ದಿನ ನಾನು ವಸಂತಿಯಮ್ಮನ ದೇವರ ಪಟಕ್ಕೆ ಹೂ ಕೊಡಲು ಹೋದಾಗ, “ಹೌದಾ ಸಿಸಿಲಿ ಬಾಯಿ, ಅವರು ಹಾಗೆ ಹೇಳಿದ್ದು ಹೌದಾ?” ಎಂದು ಮೂರು ಸಲ ಕೇಳಿ, ಕಟ್ಟಿ ಸುತ್ತಿದ ಮಲ್ಲಿಗೆಯ ಮತ್ತೊಂದು ಚೆಂಡು ತೆಗೆದುಕೊಂಡು ತಮ್ಮ ತಲೆಗೇ ಮುಡಿಯಲು ಹೋಗಿ, ನೆನಪಾಗಿ ದೇವರಿಗೇ ಹಾಕಿದರು.

ದೂಮಣ್ಣನಿಗೆ ಗದ್ದೆ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ. ತಮ್ಮ ಮಾತು ಕೇಳಿ ಉಂಡವರು ಯಾರೂ ಬೈದಿಲ್ಲ ಎಂಬುದೊಂದು ಇತ್ತು. ಅದನ್ನು ಅವರು ಬಸ್ಸಿನ ಹೆಸರು ಕೂಗುವುದಕ್ಕಿಂತ ಹೆಚ್ಚು ಕಾಳಜಿಯಿಂದ ನೋಡಿಕೊಳ್ಳುತ್ತಿದ್ದರು.

ಎಪ್ಪತ್ತೊಂಬತ್ತನೇ ಇಸವಿ, ಮಳೆ ಬಿಟ್ಟ ಮೇಲೆ, ಮೈಸೂರು ಕಡೆಯ ನಂಜುಂಡಯ್ಯ ಎಂಬವರು ಬಂದರು. ಬಿಳಿ ಪ್ಯಾಂಟು, ಹೆಗಲಲ್ಲಿ ಚೀಲ, ಕೈಯಲ್ಲಿ ನೋಟ್‌ಬುಕ್ಕು. ಕರಾವಳಿಗೆ ಬರುವ ಯಾತ್ರಿಕರಿಗೆ ಒಂದು ಕೈಪಿಡಿ ಬರೆಯುತ್ತಿದ್ದಾರಂತೆ. ಕಾರ್ಕಳದ ಗೊಮ್ಮಟ, ಕಾಪುವಿನ ದೀಪಸ್ತಂಭ ಎಲ್ಲ ನೋಡಿ ಬರೆದು ಆಗಿತ್ತು, ಉಡುಪಿಯ ಊಟ ಒಂದು ಬಾಕಿ. ಬಸ್ಸಿಗೆ ಅರ್ಧ ಗಂಟೆ ಇತ್ತು. ಪಟ್ಟಿಯಲ್ಲಿದ್ದ ಏಳು ಹೋಟೆಲಿನಲ್ಲಿ ಉಂಡು ನೋಡಲು ಅಷ್ಟು ಹೊತ್ತು ಸಾಲದು ಎಂದು, ಯಾರೋ ದೂಮಣ್ಣನನ್ನು ತೋರಿಸಿದರು.

“ತಮ್ಮ ಅಭಿಪ್ರಾಯ ಪುಸ್ತಕದಲ್ಲಿ ಬರುತ್ತೆ ಸ್ವಾಮಿ, ತಮ್ಮ ಹೆಸರಿನ ಸಮೇತ,” ಎಂದರು ನಂಜುಂಡಯ್ಯ. ದೂಮಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

“ಈ ಚಿತ್ರಕೂಟ ಹೋಟೆಲ್ ಹೇಗಿದೆ?”

“ಓ, ಅದಾ! ಅದು ಭಾರೀ ದೊಡ್ಡದು ಸ್ವಾಮಿ. ಅದರ ಹತ್ತಿರ ಉಳಿದವರು ನಿಲ್ಲಲಿಕ್ಕುಂಟಾ? ಅಲ್ಲಿಯ ಸಾಂಬಾರಿನಲ್ಲಿ ಬಗ್ಗಿದರೆ ನಿಮ್ಮ ಮುಖ ಕಾಣುತ್ತದೆ.”

ನಂಜುಂಡಯ್ಯ ತಲೆದೂಗಿ ಬರೆದುಕೊಂಡರು. “ಅಂದ್ರೆ ಅಷ್ಟು ಶುಚಿ. ಊಟದ ಪ್ರಮಾಣ?”

“ಪ್ರಮಾಣವಾ? ಅಲ್ಲಿ ಒಮ್ಮೆ ಉಂಡವರು ಎರಡು ದಿನ ಬೇರೆ ಊಟ ಕೇಳುವುದಿಲ್ಲ.”

“ಅಬ್ಬಾ!” ಎಂದು ಅದನ್ನೂ ಬರೆದುಕೊಂಡರು. ಮತ್ತೆ ಒಂದೊಂದೇ ಹೆಸರು ಕೇಳುತ್ತಾ ಬಂದು, ಕೊನೆಗೆ, “ವಸಂತಿಯಮ್ಮ ಅಂತ ಯಾರದೋ ಇದೆಯಂತಲ್ಲ?” ಎಂದರು.

ದೂಮಣ್ಣನ ಮುಖದಿಂದ ನಗು ಹೋಯಿತು. ದೇವರ ಎದುರು ನಿಂತವರ ಹಾಗೆ ನೆಟ್ಟಗಾಗಿ, “ಅಡ್ಡಿಲ್ಲ,” ಎಂದರು.

“ಇನ್ನೇನಾದ್ರೂ ಹೇಳೋದಿದೆಯೇ?”

“ಇನ್ನೆಂತ ಉಂಟು? ಅಡ್ಡಿಲ್ಲ ಅಂದೆ ಅಲ್ವಾ.”

“ಸರಿ ಸರಿ,” ಎಂದು ನಂಜುಂಡಯ್ಯ ಅದನ್ನು ಪುಟದ ತಳದಲ್ಲಿ ಸಣ್ಣದಾಗಿ ಬರೆದುಕೊಂಡು ಬಸ್ಸು ಹತ್ತಿದರು. ನಾನು ಎಲ್ಲ ಕೇಳುತ್ತಾ ಕುಳಿತಿದ್ದೆ. ಮುಖ ಕಾಣುವುದು ಸಾಂಬಾರು ನೀರಾದದ್ದಕ್ಕೆ ಎಂದು ಹೇಳಬೇಕೆಂದು ಒಮ್ಮೆ ಅನಿಸಿತು. ಪುಸ್ತಕ ಬರೆಯುವಷ್ಟು ಕಲಿತವರು, ಅವರಿಗೆ ಗೊತ್ತಾಗದಿರುತ್ತದೆಯೇ ಎಂದುಕೊಂಡು ಮತ್ತೆ ಹೂ ಕಟ್ಟತೊಡಗಿದೆ.

ಪುಸ್ತಕ ಜನವರಿಗೆ ಬಂತು, ಮಠದ ಪರ್ಯಾಯ ಉತ್ಸವಕ್ಕೆ ಸರಿಯಾಗಿ. ದೂಮಣ್ಣನಿಗೆ ಒಂದು ಪ್ರತಿ ಅಂಚೆಯಲ್ಲಿ ಬಂತು. ವಿಳಾಸ ‘ಕಾರ್ಕಳ ಬಸ್ ಕಂಬ, ಉಡುಪಿ’. ಅವರು ಅದನ್ನು ಬಿಚ್ಚಲಿಲ್ಲ. ಪ್ಯಾಟ್ರಿಕ್‌ನ ಬಸ್ಸು ಬರುವ ತನಕ ಎರಡು ಗಂಟೆ ಕಂಕುಳಲ್ಲಿ ಇಟ್ಟುಕೊಂಡು ನಿಂತರು, ಓದಿಸಲು. ಕೆಣಕಿದವನ ಬಾಯಿಂದಲೇ ಕೇಳಬೇಕು ಎಂದು.

ಪ್ಯಾಟ್ರಿಕ್ ಚೀಲ ಹೆಗಲಿಗೆ ಸರಿಸಿ ಗಟ್ಟಿಯಾಗಿ ಓದಿದ. “‘ಉಡುಪಿಯ ಹೋಟೆಲುಗಳು: ಹೆಸರಾಂತ ಭೋಜನಪ್ರಿಯರಾದ ಶ್ರೀ ದೂಮಣ್ಣನವರ ಶ್ರೇಣಿಯಂತೆ.’ ಭೋಜನಪ್ರಿಯ! ಸಿಸಿಲಿ ಬಾಯಿ, ಕೇಳಿದಿರಾ? ಗಂಜಿಯ ಪಾತ್ರೆಯನ್ನು ಅಡಗಿಸಿ ಇಡಿ!”

“ಮುಂದೆ ಓದು ಮಾರಾಯ.”

“‘ಒಂದನೆಯದು, ಚಿತ್ರಕೂಟ. ಉಳಿದವು ಇದರ ಹತ್ತಿರ ನಿಲ್ಲಲಾರವು. ಪಾತ್ರೆಗಳು ಮುಖ ಕಾಣುವಷ್ಟು ಶುಚಿ. ಒಮ್ಮೆ ಉಂಡರೆ ಎರಡು ದಿನ ಹಸಿವಾಗದು.’” ಪ್ಯಾಟ್ರಿಕ್ ಓದುವುದನ್ನು ನಿಲ್ಲಿಸಿ ದೂಮಣ್ಣನ ಮುಖ ನೋಡಿದ. ಆಮೇಲೆ ನಗದೆ, ಸಣ್ಣ ಸ್ವರದಲ್ಲಿ ಕೊನೆಯದನ್ನು ಓದಿದ. “‘ಏಳನೆಯದು, ವಸಂತಿಯಮ್ಮನ ಹೋಟೆಲು. ಅಡ್ಡಿಯಿಲ್ಲ. ಬೇರೆಲ್ಲೂ ಸ್ಥಳ ಸಿಗದಿದ್ದರೆ ಹೋಗಬಹುದು.’”

ದೂಮಣ್ಣ ಪುಸ್ತಕ ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ತಾವೇ ಓದಿದರು. “ಅಡ್ಡಿಲ್ಲ ಅಂತ ಸರಿಯಾಗಿಯೇ ಹಾಕಿದ್ದಾರಲ್ಲ,” ಎಂದರು. “ಮತ್ತೆ ಏಳು ಯಾಕೆ?”

ಅದಕ್ಕೆ ಉತ್ತರ ಘಟ್ಟದ ಮೇಲಿತ್ತು. ಅಲ್ಲಿಯವರಿಗೆ ಅಡ್ಡಿಯಿಲ್ಲ ಎಂದರೆ ಬರೇ ಅಡ್ಡಿಯಿಲ್ಲ, ಅಷ್ಟೇ.

ಪರ್ಯಾಯಕ್ಕೆ ಜನವೋ ಜನ. ಮಠದ ಊಟದ ಸಾಲು ಕಂಡು ಹೆದರಿದವರೆಲ್ಲ ಹೋಟೆಲು ಹುಡುಕುತ್ತಿದ್ದರು. ಮೊದಲಾದರೆ ದೂಮಣ್ಣನನ್ನು ಕೇಳುತ್ತಿದ್ದರು, ಈಗ ಕೈಯಲ್ಲಿ ಪುಸ್ತಕ. ಹುಬ್ಬಳ್ಳಿಯ ಒಂದು ಕುಟುಂಬ ಬಂತು. ಯಜಮಾನರು ಪುಸ್ತಕ ಮಡಿಚಿ ಹಿಡಿದು, “ಚಿತ್ರಕೂಟ ಯಾ ಕಡೆರೀ?” ಎಂದು ಕೇಳಿದರು.

“ಅಲ್ಲಿ ಬೇಡ ಸ್ವಾಮಿ. ಎಣ್ಣೆಗಾಣದ ಹಿಂದೆ ವಸಂತಿಯಮ್ಮನಲ್ಲಿಗೆ ಹೋಗಿ.”

ಅವರು ಪುಸ್ತಕ ತಿರುಗಿಸಿ ನೋಡಿದರು. “ಅದು ಏಳನೇದೈತಲ್ಲ! ಒಂದು ಬಿಟ್ಟು ಏಳಕ್ಕ ಕಳಸ್ತೀರಿ, ಕಮಿಷನ್ ಎಷ್ಟು ಸಿಗತೈತ್ರಿ ನಿಮಗ?”

“ಕಮಿಷನ್ ಅಲ್ಲ ಮಾರಾಯ್ರೆ. ಪುಸ್ತಕದಲ್ಲಿ ತಪ್ಪು ಉಂಟು.”

“ತಪ್ಪು? ದೂಮಣ್ಣ ಅನ್ನೋರು ಹೇಳ್ಯಾರ, ನೋಡ್ರಿ ಇಲ್ಲಿ. ಅವರಿಗಿಂತ ನಿಮಗ ಜಾಸ್ತಿ ಗೊತ್ತೇನು?”

“ನಾನೇ ದೂಮಣ್ಣ.”

ಯಜಮಾನರು ಅವರ ಖಾಕಿ ಅಂಗಿಯನ್ನೂ, ಕಂಬಕ್ಕೆ ತೂಗಿದ ಗಂಜಿ ಪಾತ್ರೆಯನ್ನೂ ನೋಡಿದರು. “ಹೌದ್ರಿ. ನಾ ಪುಣೆದ ಪೇಶ್ವೆ,” ಎಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರು.

ಅವರೊಬ್ಬರೇ ಅಲ್ಲ. ಆ ವಾರವೆಲ್ಲ ದೂಮಣ್ಣ ಹೇಳಿದ್ದನ್ನು ದೂಮಣ್ಣ ಹೇಳಿದ್ದಾರೆಂಬ ಕಾರಣಕ್ಕೆ ಯಾರೂ ಕೇಳಲಿಲ್ಲ. ಚಿತ್ರಕೂಟದಿಂದ ಬಂದವರು ಸೋಡಾದ ಬಾಟಲಿ ಹಿಡಿದುಕೊಂಡೇ “ಊಟ ಫಸ್ಟ್ ಕ್ಲಾಸು” ಎನ್ನುತ್ತಿದ್ದರು. ಪುಸ್ತಕದಲ್ಲಿ ಒಂದನೆಯದು ಎಂದು ಇರುವಾಗ ತಮ್ಮ ಹೊಟ್ಟೆಯನ್ನು ನಂಬುವುದು ಹೇಗೆ? ಚಿತ್ರಕೂಟದ ಮಾಲೀಕರಂತೂ ಒಂದು ಪೆಟ್ಟಿಗೆ ಮೈಸೂರು ಪಾಕು ಕಳುಹಿಸಿ, ದೂಮಣ್ಣ ಯಾವಾಗ ಬಂದರೂ ಅವರಿಗೆ ಊಟ ಪುಕ್ಕಟೆ ಎಂದು ಹೇಳಿಸಿದರು. ಇಡೀ ಬಸ್ ನಿಲ್ದಾಣದಲ್ಲಿ ಆ ಮೈಸೂರು ಪಾಕು ತಿನ್ನಬಾರದವರು ಇದ್ದದ್ದು ಒಬ್ಬರೇ. ಪ್ಯಾಟ್ರಿಕ್ ಮೂರು ತುಂಡು ತಿಂದ.

ಆದರೆ ಶನಿವಾರ ತುಮಕೂರಿನ ಒಬ್ಬ ವೃದ್ಧ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಬಂದು ಕಂಬದ ಹತ್ತಿರ ಕುಳಿತರು. “ಯಾರಪ್ಪಾ ಆ ದೂಮಣ್ಣ ಅನ್ನೋನು? ಇಲ್ಲೇ ಎಲ್ಲೋ ಇರ್ತಾನಂತೆ. ಸಾಂಬಾರಲ್ಲ ಅದು, ಸೋಡಾಪುಡಿ ಹಾಕಿದ ಕಾಲುವೆ ನೀರು. ಮನುಷ್ಯ ಅನ್ನಿಸಿಕೊಂಡೋನು ಅದನ್ನ ಒಂದನೇದು ಅಂತಾನಾ?”

ನಾನು ಹೂ ಕಟ್ಟುವುದನ್ನು ನಿಲ್ಲಿಸಿದೆ. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ದೂಮಣ್ಣ ಎದುರು ಹೋಗಿ ನಿಂತು, ಕೈ ಕಟ್ಟಿ, “ನಾನೇ ಮಾಷ್ಟ್ರೆ. ಬೈಯಿರಿ,” ಎಂದರು.

ಮೇಷ್ಟ್ರು ಚೆನ್ನಾಗಿ ಬೈದರು. ದೂಮಣ್ಣ ತಾವೇ ಸೋಡಾ ತಂದು ಕೊಟ್ಟು, ಕಿಟಕಿಯ ಬದಿಯ ಸೀಟು ಹಿಡಿದು ಕೂರಿಸಿದರು. ಬಸ್ಸು ಹೋದ ಮೇಲೆ ಕಂಬಕ್ಕೆ ಒರಗಿದವರು, ಮುಂದಿನ ಬಸ್ಸಿನ ಹೆಸರು ಕೂಗಲು ಮರೆತರು. ಪ್ಯಾಟ್ರಿಕನೇ ಕೂಗಿಕೊಳ್ಳಬೇಕಾಯಿತು.

“ವಸಂತಿಯಮ್ಮನ ಮುಖ ನೋಡುವುದು ಹೇಗೆ ಸಿಸಿಲಿ ಬಾಯಿ?” ಎಂದರು ನನ್ನ ಹತ್ತಿರ. “ನನ್ನ ಒಂದು ಮಾತಿಗಾಗಿ ಮೂರು ವರ್ಷ ಕಾದ ಹೆಂಗಸು. ಬೇರೆಲ್ಲೂ ಸ್ಥಳ ಸಿಗದಿದ್ದರೆ ಹೋಗಬಹುದಂತೆ!”

ನಾನು ಹೂವಿನ ಚೆಂಡು ಎತ್ತಿಕೊಂಡೆ. “ಕೊಡಲಿಕ್ಕೆ ಹೋಗುತ್ತಿದ್ದೇನೆ, ಬನ್ನಿ,” ಎಂದೆ.

ಹೋದರೆ ಒಳಗೆ ಕಾಲಿಡಲು ಜಾಗ ಇಲ್ಲ. ನಾಲ್ಕು ಬೆಂಚೂ ಭರ್ತಿ, ಹೊರಗೆ ಮಣಿಪಾಲದ ಕಾಲೇಜು ಮಾಷ್ಟ್ರುಗಳು, ಕೋರ್ಟಿನ ಗುಮಾಸ್ತರು ಎಲೆಗೆ ಕಾದು ನಿಂತಿದ್ದರು. ಎಲ್ಲ ನಮ್ಮ ಕಡೆಯವರೇ. ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟದ ಕೆಳಗೆ, ಪುಸ್ತಕದ ಆ ಪುಟ ಕತ್ತರಿಸಿ ಅನ್ನದ ಅಗುಳಿನಲ್ಲಿ ಅಂಟಿಸಿತ್ತು.

ದೂಮಣ್ಣ ಬಾಗಿಲಲ್ಲೇ ನಿಂತು, “ಅಮ್ಮ, ನನ್ನಿಂದ ದೊಡ್ಡ ತಪ್ಪಾಯಿತು,” ಎಂದರು.

“ಎಂತ ತಪ್ಪು ದೂಮಣ್ಣ?” ವಸಂತಿಯಮ್ಮ ಸಾರಿನ ಸೌಟು ಹಿಡಿದುಕೊಂಡೇ ಬಂದರು. “ಬಾಯಲ್ಲಿ ಹೇಳಿದ್ದನ್ನು ಅಚ್ಚಿನಲ್ಲಿ ಹಾಕಿಸಿದಿರಿ! ಇವರೆಲ್ಲ ಅದನ್ನು ಓದಿಯೇ ಬಂದದ್ದು. ಪುಸ್ತಕದಲ್ಲಿ ‘ಅಡ್ಡಿಯಿಲ್ಲ’ ಅಂತ ಬರುವುದು ಸಣ್ಣ ಮಾತಾ?”

“ಆದರೆ ಏಳನೆಯದು ಅಂತ…”

“ನಂಬರು ಪ್ರೆಸ್ಸಿನವರು ಹಾಕುವುದು, ಅಲ್ವಾ? ಅದನ್ನು ಯಾರು ನೋಡುತ್ತಾರೆ?”

ಹೀಗೆ ಒಂದೇ ಸಾಲು ಘಟ್ಟದ ಮೇಲಿನವರನ್ನು ಚಿತ್ರಕೂಟಕ್ಕೂ ಊರಿನವರನ್ನು ವಸಂತಿಯಮ್ಮನಲ್ಲಿಗೂ ಕಳುಹಿಸಿತು. ಎರಡು ಹೋಟೆಲಿನವರಿಗೂ ಸಂತೋಷ. ನಂಜುಂಡಯ್ಯನವರ ಪುಸ್ತಕ ಎರಡನೆಯ ಸಲ ಅಚ್ಚಾಯಿತಂತೆ. ದೂಮಣ್ಣನಿಗೆ ಮಾತ್ರ ಬಾಯಿ ಕಟ್ಟಿತು. ಹೊರಗಿನವರಿಗೆ ‘ಅಡ್ಡಿಲ್ಲ’ ಎನ್ನುವ ಹಾಗಿಲ್ಲ, ಅದನ್ನು ಕೇಳಿ ಅವರು ಹೋಗುವುದಿಲ್ಲ. ‘ಭಾರೀ ಒಳ್ಳೆಯದು’ ಎನ್ನಲು ನಾಲಗೆ ಏಳುವುದಿಲ್ಲ, ಅದು ಬೈದ ಹಾಗೆ. ಒಂದು ತಿಂಗಳು ಯಾರು ಹೋಟೆಲು ಕೇಳಿದರೂ ಬಸ್ಸಿನ ಹೆಸರನ್ನೇ ಕೂಗಿದರು.

“ನಾನು ದಿನಾ ಉಣ್ಣುವುದು ಅಲ್ಲಿ ಅಂತ ಹೇಳಿಬಿಡು,” ಎಂದ ಪ್ಯಾಟ್ರಿಕ್. “ಯಾವ ಊರಿನವನಿಗೂ ಅರ್ಥ ಆಗುತ್ತದೆ.”

“ಉಣ್ಣದೆ ಹೇಗೆ ಹೇಳುವುದು? ಸುಳ್ಳಾಗುತ್ತದೆ.”

“ಹಾಗಾದರೆ ಉಣ್ಣು. ಸತ್ತು ಹೋಗು.”

ದೂಮಣ್ಣ ಎರಡು ದಿನ ಯೋಚಿಸಿದರು. ಮೂರನೆಯ ದಿನ ಮಧ್ಯಾಹ್ನ ಕಂಬದಿಂದ ಗಂಜಿಯ ಪಾತ್ರೆ ತೆಗೆದು, ಅದನ್ನು ಹಿಡಿದುಕೊಂಡು ಎಣ್ಣೆಗಾಣದ ಹಿಂದಕ್ಕೆ ನಡೆದರು. ವಸಂತಿಯಮ್ಮನ ಹಿತ್ತಿಲ ಚಪ್ಪರದ ಕೆಳಗೆ ಒಂದು ಮರದ ತುಂಡು ಇತ್ತು. ಅದರ ಮೇಲೆ ಕುಳಿತು, ಮನೆಯ ಗಂಜಿಯನ್ನು ಅಲ್ಲಿ ಉಂಡರು. ಕಾರಣ ಕೇಳಿ ವಸಂತಿಯಮ್ಮ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡರು. ಮರುದಿನ ಆ ಮರದ ತುಂಡನ್ನು ಒರಸಿ ಇಟ್ಟಿದ್ದರು.

ಅಲ್ಲಿಂದ ಮುಂದೆ ಯಾರು ಕೇಳಿದರೂ ಒಂದೇ ಉತ್ತರ. “ಬೇರೆಯವರದ್ದು ನನಗೆ ಗೊತ್ತಿಲ್ಲ ಸ್ವಾಮಿ. ನಾನು ದಿನಾ ಉಣ್ಣುವುದು ವಸಂತಿಯಮ್ಮನಲ್ಲಿ.” ಹುಬ್ಬಳ್ಳಿಯವರೂ ಹೋದರು, ತುಮಕೂರಿನವರೂ ಹೋದರು. ಬೈಯಲು ಯಾರೂ ಬರಲಿಲ್ಲ.

“ಗಂಜಿ ಉಣ್ಣುವುದು ಅಂತಲೂ ಹೇಳು ದೂಮಣ್ಣ,” ಎಂದು ಪ್ಯಾಟ್ರಿಕ್ ಬಸ್ಸಿನ ಮೆಟ್ಟಿಲಿನಿಂದ ಕೂಗುತ್ತಿದ್ದ.

“ಎಲ್ಲಿ ಉಣ್ಣುತ್ತೀರಿ ಅಂತ ಕೇಳುತ್ತಾರೆ, ಹೇಳುತ್ತೇನೆ. ಎಂತ ಉಣ್ಣುತ್ತೀರಿ ಅಂತ ಈ ತನಕ ಯಾರೂ ಕೇಳಲಿಲ್ಲ ಮಾರಾಯ.”

ಎಂಬತ್ತೆಂಟರಲ್ಲಿ ಏಜೆಂಟ್ ಕೆಲಸ ಬಿಡುವ ತನಕ ಅವರು ಈ ಕ್ರಮ ತಪ್ಪಿಸಲಿಲ್ಲ. ನಾನು ದೇವರ ಪಟಕ್ಕೆ ಹೂ ಕೊಟ್ಟು ಹಿತ್ತಿಲ ದಾರಿಯಿಂದ ಬರುವ ಹೊತ್ತಿಗೆ ಅವರ ಊಟ ಮುಗಿದಿರುತ್ತಿತ್ತು. ಒಳಗೆ ಘಟ್ಟದ ಮೇಲಿನವರು ಇನ್ನೊಂದು ಸಲ ಸಾರು ಕೇಳುತ್ತಿರುವ ಸದ್ದು. ಹೊರಗೆ ದೂಮಣ್ಣ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಪಾತ್ರೆಗೆ ಒಂದು ಚಿಟಿಕೆ ಬೂದಿ ಹಾಕಿ, ತೆಂಗಿನ ನಾರಿನಿಂದ ಮೊದಲು ಅಂಚು, ಮತ್ತೆ ತಳ, ಕೊನೆಗೆ ಮುಚ್ಚಳ, ಮಾಟುಂಗದಲ್ಲಿ ಕಲಿತ ಹಾಗೆಯೇ ಉಜ್ಜುತ್ತಿದ್ದರು. ಎರಡು ಸಲ ನೀರು ಹೊಯ್ದು ತೊಳೆದು, ಬಿಸಿಲಿಗೆ ಹಿಡಿದು ಒಳಗೆ ಒಮ್ಮೆ ನೋಡಿ, ಕಲ್ಲಿನ ಮೇಲೆ ಕವುಚಿ ಹಾಕುತ್ತಿದ್ದರು.